ನಡುದಾರಿಯಿಂದ ತಿರುಗಿದ ವಿಮಾನ

ಯುದ್ಧ ನಿಂತುಬಿಟ್ಟರೆ ಏನು ಗತಿ ಎಂದು ಶಂಕರಲಿಂಗ ಯೋಚಿಸುತ್ತಿದ್ದಾಗ ಹೆಂಡತಿ ಮನೀಷಾ ಚಹಾ ತಂದು ಮುಂದಿಟ್ಟಳು.

ಟಿವಿಯಲ್ಲಿ ಹೊಗೆ ಏಳುತ್ತಿತ್ತು. ನಿನ್ನೆಯದೇ ಹೊಗೆ. ಹೊಸದೇನೂ ಇಲ್ಲವೆಂದು ಅವನಿಗೆ ಕಸಿವಿಸಿಯಾಯಿತು. ಹಾಗಾಯಿತಲ್ಲ ಎಂದು ನಾಚಿಕೆಯೂ ಆಯಿತು. ಬಸವಕಲ್ಯಾಣದ ಕಾಲೇಜಿನಲ್ಲಿ ಭೂಗೋಳ ಕಲಿಸುವವನು ಮುಂಜಾನೆ ಎದ್ದು, ಎಲ್ಲೋ ದೂರದ ಊರಿನ ಮೇಲೆ ಇನ್ನಷ್ಟು ಬಾಂಬು ಬೀಳಲಿ ಎಂದು ಕಾಯುತ್ತ ಕೂತಿದ್ದಾನೆ.

"ಟ್ರಾವೆಲ್ಸಿನ ಧನರಾಜ ಇವತ್ತ ಹೇಳ್ರಿ ಅಂದಾನ," ಎಂದಳು ಮನೀಷಾ. "ಹೋಗೂದೋ, ಬಿಡೂದೋ."

"ಸೇಫ್ಟಿ ನೋಡಬೇಕಲ್ಲ."

"ನೋಡ್ರಿ. ನಾ ಬ್ಯಾಡ ಅಂದೀನೇನು? ಹುಮನಾಬಾದಿಗೆ ಹೋಗಿ ಎದುರಿಗೇ ಕೂತು ಕೇಳ್ಕೊಂಡ ಬರ್ರಿ."

ದುಬೈ ಪ್ರವಾಸ ಅವನೇ ಎತ್ತಿದ ಮಾತು. ಮಗಳು ಐಶ್ವರ್ಯ ಹತ್ತನೇ ತರಗತಿ ಮುಗಿಸಿದಾಗ ನೆಂಟರ ಎದುರು ಹುರುಪಿನಲ್ಲಿ ಅಂದದ್ದು. ಟಿಕೆಟ್ಟು ಕೈಗೆ ಬಂದ ಮೇಲೆ ನಿದ್ದೆ ಕೆಟ್ಟಿತು. ವಿಮಾನ ನಿಲ್ದಾಣದಲ್ಲಿ ಗಾಜಿನ ಆಚೆ ಕೂತ ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಕೇಳುತ್ತಾನೆ. ತನಗೆ ತಿಳಿಯುವುದಿಲ್ಲ. ಇನ್ನೊಮ್ಮೆ ಕೇಳುತ್ತಾನೆ. ಆಗ ಐಶ್ವರ್ಯ ಮುಂದೆ ಬಂದು, "ಪಪ್ಪಾ, ಸರೀರಿ, ನಾ ಹೇಳ್ತೀನಿ" ಎನ್ನುತ್ತಾಳೆ. ಇಷ್ಟೇ ಅವನಿಗೆ ಕಾಣುತ್ತಿದ್ದುದು. ಕಣ್ಣು ಮುಚ್ಚಿದರೆ ಸಾಕು, ಕಾಣುತ್ತಿತ್ತು. ಭೂಪಟದ ಮೇಲೆ ಕೋಲಿಟ್ಟು ಜಗತ್ತು ತೋರಿಸುತ್ತಲೇ ಅವನ ತಲೆ ನೆರೆತಿತ್ತು. ಹೈದರಾಬಾದಿನ ಆಚೆ ಅವನು ಹೋಗಿರಲಿಲ್ಲ.

ಅಷ್ಟರಲ್ಲಿ ಯುದ್ಧ ಶುರುವಾಗಿ ವಿಮಾನಗಳು ನಿಂತವು. ಅಂದು ಅವನಿಗೆ ಗಾಢವಾದ ನಿದ್ದೆ ಬಂತು.

ಧನರಾಜನ ಟ್ರಾವೆಲ್ಸ್ ಅಂಗಡಿ ಹುಮನಾಬಾದಿನ ಬಸ್ ನಿಲ್ದಾಣದ ಎದುರಿಗೇ ಇತ್ತು. ಉಮ್ರಾ, ಕಾಶಿ, ದುಬೈ ಎಲ್ಲವೂ ಒಂದೇ ಬೋರ್ಡಿನ ಮೇಲೆ. ಶಂಕರಲಿಂಗ ಒಳಗೆ ಕಾಲಿಟ್ಟದ್ದೇ ಧನರಾಜ ಎದ್ದು ಬಂದು ಕೈ ಕುಲುಕಿದ.

"ಛಲೋ ಟೈಮಿಗೆ ಬಂದ್ರಿ ಸರ್. ಈಗರ ಸುದ್ದಿ ಬಂತು. ಬಾಂಬು ನಿಂತಾವ, ಇವತ್ತಿಂದ ವಿಮಾನ ಚಾಲೂ. ನಿಮ್ಮ ಟಿಕೆಟ್ ಹಂಗೇ ಅವ. ಬೇಫಿಕರ್ ಹೋಗ್ರಿ."

"ಖರೇನಾ?"

"ಖರೇ ಅಂದ್ರ ಖರೇ. ಕೂಡ್ರಿ, ಚಾ ಹೇಳಿ ಬರ್ತೀನಿ."

ಅವನು ಹೊರಗೆ ಹೋಗುತ್ತಿದ್ದಂತೆ ಫೋನು ಬಂತು. ಮನೀಷಾ.

"ಏನಂದ?"

ಎರಡು ಮಾತಿನಲ್ಲಿ ಹೇಳಿಬಿಡಬಹುದಾಗಿತ್ತು. "ಇನ್ನಾ ಬಂದ್ ಅವ," ಎಂದ ಶಂಕರಲಿಂಗ.

"ಟಿವ್ಯಾಗ ಚಾಲೂ ಆದವು ಅನ್ನಾಕತ್ತಾರ?"

"ಟಿವಿ ಮಾತು ಬಿಡು. ನಾ ಧನರಾಜನ ಮುಂದೇ ಕೂತೀನಿ. ಇವತ್ತ ಹೋದ ವಿಮಾನ ನಡುದಾರ್ಯಾಗಿಂದ ತಿರುಗಿ ಬಂತಂತ. ಮತ್ತ ಬಾಂಬು ಬೀಳಾಕತ್ತಾವಂತ."

ಆ ವಿಮಾನ ಎಲ್ಲಿಂದ ಬಂತೋ ಅವನಿಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಮಾತ್ರ ಅದು ಸ್ಪಷ್ಟವಾಗಿ ಕಂಡಿತು: ಸಮುದ್ರದ ಮೇಲೆ ರೆಕ್ಕೆ ವಾಲಿಸಿ ಹಿಂದಕ್ಕೆ ಹೊರಳುತ್ತಿತ್ತು. ಸಂಜೆಯ ಸುದ್ದಿಯವರೆಗೂ ಬಾಳದ ಸುಳ್ಳು. ಅಷ್ಟು ಹೊತ್ತಾದರೂ ಸಾಕೆನಿಸಿತು.

ಆ ಕಡೆಯಿಂದ ಮನೀಷಾ, "ನಿಮಗ ಹೋಗೂದು ಬ್ಯಾಡಾಗಿದ್ರ ಹಂಗ ಹೇಳ್ರಿ," ಎಂದು ಫೋನಿಟ್ಟಳು.

ಅವನು ತಿರುಗಿ ನೋಡಿದ. ಬಾಗಿಲಲ್ಲಿ ಬುರ್ಖಾ ತೊಟ್ಟ, ವಯಸ್ಸಾದ ಹೆಂಗಸೊಬ್ಬಳು ನಿಂತಿದ್ದಳು. ಮುಖದ ಪರದೆ ತಲೆಯ ಮೇಲಕ್ಕೆ ಸರಿದಿತ್ತು.

"ವಿಮಾನ ತಿರುಗಿ ಬಂತೇನ್ರಿ ಸಾಹೇಬ್ರ?"

ಅವನು ಫೋನು ಜೇಬಿಗಿಳಿಸಿದ.

"ನನ್ನ ಮಗಳು ದುಬೈದಿಂದ ಬರೂದಿತ್ತರಿ. ಗೌಹರ. ಬಾಣಂತನಕ್ಕ."

ಏನಾದರೂ ಹೇಳಲೇಬೇಕಿತ್ತು. "ಹೌದು," ಎಂದ.

ಅವಳು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ನಿಂತಳು. ಧನರಾಜನಿಗೂ ಕಾಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ರಸ್ತೆಗಿಳಿದಳು. ಶಂಕರಲಿಂಗ ಎದ್ದು ಬಾಗಿಲಿಗೆ ಬಂದು, "ಅಮ್ಮಾ" ಎಂದ. ತನಗಷ್ಟೇ ಕೇಳಿಸುವಂತೆ.

ಧನರಾಜ ಚಹಾ ಹಿಡಿದುಕೊಂಡು ಬಂದ. "ಅನ್ವರಿ ಅಂತ ಒಬ್ಬಾಕಿ ಬಂದಿದ್ಳೇನ್ರಿ ಸರ್? ದಿನಾ ಬರ್ತಾಳ. ಮಗಳಿಗೆ ಎಂಟು ತಿಂಗಳು ತುಂಬಾಕ ಬಂತು. ಇನ್ನ ತಡ ಆದ್ರ ವಿಮಾನದವ್ರು ಹತ್ತಿಸ್ಕೊಳ್ಳಂಗಿಲ್ಲ. ಒಂದು ಸೀಟು ಹಿಡದಿಟ್ಟೀನಿ, ಇವತ್ತ ಹೂಂ ಅಂದ್ರ ಉಳೀತದ. ಅನ್ವರಿ ಫೋನು ನೋಡಿದ್ರ ಹತ್ತವಲ್ದು."

"ಯಾರೂ ಬರಲಿಲ್ಲ," ಎಂದ ಶಂಕರಲಿಂಗ.

ಚಹಾ ಸುಡುತ್ತಿತ್ತು. ಅವನು ಪೂರ್ತಿ ಕುಡಿದ.

ಅಂಗಡಿಯಿಂದ ಇಳಿದದ್ದು ಅವಳನ್ನು ಹುಡುಕಿ ಹೇಳಿಬಿಡಬೇಕೆಂದೇ. ದಾರಿಯಲ್ಲಿ ಮಾತನ್ನೂ ಹೊಂದಿಸಿಕೊಂಡ. ಅಮ್ಮಾ, ಈಗ ಹೊಸಾ ಸುದ್ದಿ ಬಂತು, ಚಾಲೂ ಆಗ್ಯಾವಂತ. ಅದರಲ್ಲಿ ತನ್ನ ಸುಳ್ಳು ಎಲ್ಲೂ ಇಣುಕದಂತೆ ನೋಡಿಕೊಂಡ.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳು ಒಬ್ಬಳೇ ಕೂತಿದ್ದಳು. ಅಳುತ್ತಿರಲಿಲ್ಲ. ಅವನನ್ನು ಕಂಡು ತನ್ನ ಚೀಲ ಮಡಿಲಿಗೆಳೆದುಕೊಂಡು ಜಾಗ ಮಾಡಿದಳು.

"ಕೂಡ್ರಿ ಸಾಹೇಬ್ರ."

ಕೂತ.

"ನಿಮ್ಮ ಮಾರಿ ನೋಡಿದ್ರ ತಿಳೀತದ್ರಿ," ಎಂದಳು. "ನಿಮ್ಮವರೂ ಅಲ್ಲೇ ಸಿಕ್ಕೊಂಡಾರೇನು?"

ಇಲ್ಲವೆನ್ನಲು ಬಾಯಿ ತೆರೆದ. "ಹೌದು."

"ಯಾರ್ರಿ?"

"ಮಗಳು."

"ಯಾ ಅಲ್ಲಾಹ್." ಅವಳ ಕೈ ಅವನ ತೋಳಿನ ಹತ್ತಿರ ಬಂದು, ಮುಟ್ಟದೆ ನಿಂತಿತು. "ಹೆಸರೇನ್ರಿ ಆಕಿದು? ದುವಾ ಮಾಡೂವಾಗ ಗೌಹರಳ ಕೂಡ ಆಕಿ ಹೆಸರೂ ತಗೋತೀನಿ."

ಅವಳು ಕಾಯುತ್ತಿದ್ದಳು.

"ಐಶ್ವರ್ಯ."

ಅವಳು ಆ ಹೆಸರನ್ನು ಮೆಲ್ಲಗೆ ಬಾಯೊಳಗೆ ಹೊರಳಿಸಿ ನೋಡಿದಳು, ತಪ್ಪಬಾರದೆಂದು ಇನ್ನೊಮ್ಮೆ ಅಂದುಕೊಂಡಳು. ಶಂಕರಲಿಂಗನ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ನೋಡಿ, ತನ್ನ ಊಹೆ ನಿಜವೆಂದು ತಲೆಯಾಡಿಸಿದಳು.

ಹಳ್ಳಿಖೇಡದ ಬಸ್ಸು ಬಂದು ನಿಂತಿತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಕೂಗುತ್ತಲೇ ಇದ್ದ, ಜನ ಹತ್ತುತ್ತಲೇ ಇದ್ದರು, ಬಸ್ಸು ಹೊರಡಲೊಲ್ಲದು. ಶಂಕರಲಿಂಗ ಕಿಟಕಿಯ ಕೆಳಗೇ ನಿಂತಿದ್ದ. ಕೈ ಚಾಚಿದರೆ ಸರಳು ಸಿಗುವಷ್ಟು ಹತ್ತಿರ.

"ಗಾಬರಿ ಆಗಬ್ಯಾಡ್ರಿ," ಎಂದಳು ಅವಳು ಮೇಲಿನಿಂದ. "ಮನೀಗಿ ಹೋಗಿ ಒಂದೀಟು ಊಟಾ ಮಾಡ್ರಿ."

"ಹೂಂ," ಎಂದ.

ಬಸ್ಸು ಹೋಯಿತು.

ಬಸವಕಲ್ಯಾಣದ ಬಸ್ಸಿನಲ್ಲಿ ಹಿಂದುಗಡೆಯಷ್ಟೇ ಜಾಗವಿತ್ತು. ತುರ್ತು ನಿರ್ಗಮನ ಎಂದು ಕೆಂಪಕ್ಷರದಲ್ಲಿ ಬರೆದ ಬಾಗಿಲ ಪಕ್ಕದ ಸೀಟು. ಅದರ ಚಿಲಕ ಮುರಿದಿದ್ದರಿಂದ ಯಾರೋ ಹಿಡಿಕೆಗೆ ತಂತಿ ಸುತ್ತಿ ಸರಳಿಗೆ ಬಿಗಿದಿದ್ದರು. ಊರು ದಾಟಿದ ಮೇಲೆ ಬಸ್ಸು ವೇಗ ಹಿಡಿಯಿತು. ತಂತಿ ಸಡಿಲಾಗಿತ್ತು, ಬಾಗಿಲು ಗಡಗಡ ಅದುರುತ್ತ, ಕುಲುಕಿದಾಗೆಲ್ಲ ಬೆರಳು ತೂರುವಷ್ಟು ತೆರೆದುಕೊಂಡು, ಹೊರಗಿನ ಬಿಸಿಗಾಳಿಯನ್ನೂ ಓಡುತ್ತಿದ್ದ ನೆಲವನ್ನೂ ತೋರಿಸುತ್ತಿತ್ತು.

ಜೇಬಿನಲ್ಲಿ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು.

ಶಂಕರಲಿಂಗ ಬಗ್ಗಿ, ಎರಡೂ ಕೈಯಿಂದ ತಂತಿಯ ತುದಿ ಹಿಡಿದು, ಇನ್ನೊಂದು ಸುತ್ತು ಬಿಗಿದ.