ಖಾಲಿ ಬಿಲ್ಲೆ

ಎಷ್ಟು ಉಜ್ಜಿದರೂ ಅತ್ತಿಗೆಯ ಉಗುರಿನ ಸಂದಿಯ ಹಸಿರು ಹೋಗಲಿಲ್ಲ. ನಾದಿನಿ ಸೋಪು ಹಚ್ಚಿದಳು, ನಿಂಬೆಹೋಳು ತಿಕ್ಕಿದಳು, ಕೊನೆಗೆ ತನ್ನ ಹೊಲಿಗೆ ಡಬ್ಬಿಯಿಂದ ಮೊಂಡು ಸೂಜಿಯೊಂದನ್ನು ತೆಗೆದು ಒಂದೊಂದೇ ಉಗುರನ್ನು ಕೆರೆಯತೊಡಗಿದಳು. ತಣ್ಣಗಿದ್ದ ಆ ಕೈ ಬಗ್ಗುತ್ತಿರಲಿಲ್ಲ. ಬದುಕಿದ್ದಾಗಲೂ ಅದು ಯಾರ ಮಾತೂ ಕೇಳಿದ ಕೈಯಲ್ಲ ಬಿಡಿ.

“ಸಾಕು ಬಿಡೇ,” ಎಂದರು ಪಕ್ಕದ ಮನೆಯ ಗಣಿತದ ಮೇಷ್ಟ್ರ ಹೆಂಡತಿ. “ಈಗ ಯಾರು ಉಗುರು ನೋಡ್ತಾರೆ?”

“ನಾನು ನೋಡ್ತೀನಲ್ಲ. ಇಷ್ಟು ವರ್ಷ ಬೈದಿದೀನಿ, ಅಡುಗೆಮನೆಗೆ ಬರೋ ಮುಂಚೆ ಕೈ ತೊಳ್ಕೊಂಡು ಬಾ ಅಂತ. ಇವತ್ತಾದ್ರೂ ತೊಳ್ಕೊಂಡು ಹೋಗ್ಲಿ.”

ಹೇಳುತ್ತಲೇ ಅವಳಿಗೆ ಅಳು ಒತ್ತರಿಸಿ ಬಂತು. ಅದನ್ನು ನುಂಗಿಕೊಂಡು ಸೂಜಿ ಆಡಿಸಿದಳು.

ಕಾಲೇಜಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಆ ಮನೆ. ಬಂದವರು ಕೂರಲು ಸಾಲದೆ ತರಗತಿಯಿಂದಲೇ ಕುರ್ಚಿಗಳನ್ನು ತಂದು ಹಾಕಿದ್ದರು, ಬರೆಯಲು ಹಲಗೆ ಇರುವ ಕುರ್ಚಿಗಳು. ಹಾಗಾಗಿ ಮುಂದಿನ ಕೋಣೆಯಲ್ಲಿ ದುಃಖಿಸಲು ಬಂದವರೆಲ್ಲ ಪರೀಕ್ಷೆಗೆ ಕೂತವರಂತೆ ಕಾಣುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಅತ್ತಿಗೆಯ ಹಳೆಯ ವಿದ್ಯಾರ್ಥಿಗಳೇ. ಅತ್ತಿಗೆ ಆ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳಿದವಳು. ನಿವೃತ್ತಿಯಾದ ಮೇಲೂ ಲ್ಯಾಬಿನ ಬೀಗದ ಕೈ ಬಿಟ್ಟುಕೊಡದವಳು. ಮಕ್ಕಳು ಅವಳಿಗಿಟ್ಟ ಹೆಸರು ಕಳೆಯಮ್ಮ. ಜನ ಕಿತ್ತು ಎಸೆಯುವ ಕಳೆ ಸೊಪ್ಪುಗಳಲ್ಲಿ ಏನೇನು ಗುಣವಿದೆಯೆಂದು ಹುಡುಕುವುದೇ ಅವಳ ಜೀವನವಾಗಿತ್ತು. ನಿನ್ನೆ ಬೆಳಿಗ್ಗೆಯೂ ಲ್ಯಾಬಿಗೆ ಹೋಗಿ ಬಂದು, ಚಹಾ ಕೊಡು ಎಂದು ಗಂಡನಿಗೆ ಹೇಳಿ ಕುರ್ಚಿಗೊರಗಿದವಳು, ಅವನು ಚಹಾ ತರುವಷ್ಟರಲ್ಲಿ ಇರಲಿಲ್ಲ.

ಒಳಬಾಗಿಲಲ್ಲಿ ಅತ್ತಿಗೆಯ ಶಿಷ್ಯೆ ಬಂದು ನಿಂತಳು. ಈಗ ಲ್ಯಾಬು ನೋಡಿಕೊಳ್ಳುವವಳು ಅವಳೇ. ಅತ್ತು ಅತ್ತು ಮುಖ ಊದಿತ್ತು.

“ಅಕ್ಕಾ, ಒಂದು ಮಾತು. ತಟ್ಟೆಗಳು ಹಾಗೇ ಇವೆ.”

“ಯಾವ ತಟ್ಟೆ?”

“ನಿನ್ನೆ ಟೀಚರ್ ಇಟ್ಟಿದ್ದು. ಗೋಣಿಸೊಪ್ಪಿನ ದಂಟಿಂದು. ನಾನಿನ್ನೂ ಕಾವು ಪೆಟ್ಟಿಗೆ ಬಾಗಿಲು ತೆಗೆದಿಲ್ಲ. ಇಟ್ಟವರೇ ಫಲಿತಾಂಶ ಓದಬಾರದಲ್ಲ, ನಾನೂ ಜೊತೇಲಿದ್ದೆ.” ಅವಳು ದನಿ ತಗ್ಗಿಸಿದಳು. “ಇವತ್ತು ಬೆಳಿಗ್ಗೆನೇ ನೋಡ್ಬೇಕು. ನಾಳೆ ಹೊತ್ತಿಗೆ ಅಂಚು ಮಸುಕಾಗಿಬಿಡುತ್ತೆ.”

ಗಣಿತದ ಮೇಷ್ಟ್ರ ಹೆಂಡತಿ ಕೆನ್ನೆಗೆ ಕೈ ಹಚ್ಚಿದರು. “ಹೆಣ ಮನೇಲಿದೆ, ಇವರಿಗೆ ತಟ್ಟೆ ಚಿಂತೆ!”

ನಾದಿನಿ ಸೂಜಿಯನ್ನು ಡಬ್ಬಿಗೆ ಹಾಕಿದಳು.

*

ಅತ್ತಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ತುಂಬಿದ ವಿಜ್ಞಾನ ಸಭೆಯೊಂದರಲ್ಲಿ ಗೋಣಿಸೊಪ್ಪಿನ ಬಗ್ಗೆ ಮಾತಾಡಿದ್ದಳು. ಗೋಡೆಯ ಬಿರುಕಿನಲ್ಲಿ, ರಸ್ತೆಯಂಚಿನಲ್ಲಿ, ಬಿಟ್ಟಲ್ಲೆಲ್ಲ ಹಬ್ಬುವ ದಪ್ಪೆಲೆಯ ಹುಳಿ ಸೊಪ್ಪು. ಅದರ ಸಾರವನ್ನು ಮದ್ಯಸಾರದಲ್ಲಿ ಇಳಿಸಿ, ಕಾಗದದ ಪುಟ್ಟ ಬಿಲ್ಲೆಗೆ ಹೀರಿಸಿ, ಕೀವಿನ ಬ್ಯಾಕ್ಟೀರಿಯಾ ಬಿತ್ತಿದ ಗಾಜಿನ ತಟ್ಟೆಯ ಮೇಲಿಟ್ಟರೆ, ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ಉಂಗುರ ಮೂಡುತ್ತದೆ ಎಂದು ಚಿತ್ರ ತೋರಿಸಿದ್ದಳು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಸಣಕಲ ಮೇಷ್ಟ್ರೊಬ್ಬ ಎದ್ದು ನಿಂತ.

“ಖಾಲಿ ಬಿಲ್ಲೆ ಎಲ್ಲಿ?”

ಅಷ್ಟೇ ಕೇಳಿದ್ದು. ಸೊಪ್ಪಿಲ್ಲದ, ಬರೀ ಮದ್ಯಸಾರದಲ್ಲಿ ಅದ್ದಿದ ಬಿಲ್ಲೆಯನ್ನೂ ಪಕ್ಕದಲ್ಲಿ ಇಡಬೇಕಿತ್ತು. ಕೊಂದದ್ದು ಸೊಪ್ಪೋ ಮದ್ಯಸಾರವೋ ಎಂದು ತಿಳಿಯುವುದು ಆಗಲೇ. ಅತ್ತಿಗೆ ಇಟ್ಟಿರಲಿಲ್ಲ. ವಾಪಸು ಬಂದು ಇಟ್ಟು ನೋಡಿದಳು. ಖಾಲಿ ಬಿಲ್ಲೆಯ ಸುತ್ತಲೂ ಅಂಥದ್ದೇ ಸೊಗಸಾದ ಉಂಗುರ! ಅವಸರದಲ್ಲಿ ಬಿಲ್ಲೆಗಳನ್ನು ಸರಿಯಾಗಿ ಒಣಗಿಸಿರಲೇ ಇಲ್ಲ. ಮುಂದಿನ ಸಭೆಯಲ್ಲಿ ತಾನೇ ಎದ್ದು ನಿಂತು, ನಾನು ಹೇಳಿದ್ದು ತಪ್ಪು ಎಂದಳು. ಈ ಸಲ ಚಪ್ಪಾಳೆ ಬೀಳಲಿಲ್ಲ. ಆಮೇಲೆ ಅವಳು ಹೋದಲ್ಲೆಲ್ಲ ಯಾರಾದರೊಬ್ಬರು “ಖಾಲಿ ಬಿಲ್ಲೆ” ಎಂದು ಪಿಸುಗುಟ್ಟಿ ಕಿಸಕ್ಕೆನ್ನುತ್ತಿದ್ದರು. ಪ್ರಶ್ನೆ ಕೇಳಿದವನಿಗೂ ಖಾಲಿಬಿಲ್ಲೆ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು. ಸಾಲದ್ದಕ್ಕೆ ಅವನು ಇದೇ ಕಾಲೇಜಿಗೆ ವರ್ಗವಾಗಿ ಬಂದ.

ಆಗ ಒಂದು ಮಧ್ಯಾಹ್ನ ಅತ್ತಿಗೆ ನಾದಿನಿಯ ಹೊಲಿಗೆ ಅಂಗಡಿಗೆ ಬಂದಳು.

“ನನ್ನ ಸೊಪ್ಪು ಕಂಡ್ರೆ ನಿನಗೆ ಆಗಲ್ಲ ಅಲ್ವಾ?”

“ಹೌದು. ಮೇವು ತಿಂದೂ ತಿಂದೂ ಅಣ್ಣನಿಗೆ ಬಾಲ ಬರೋದೊಂದು ಬಾಕಿ.”

“ಅದಕ್ಕೇ ನೀನು ಬೇಕು. ಉಂಗುರ ಇದೆಯಾ ಇಲ್ವಾ ನೀನು ನೋಡಿ ಹೇಳು. ಯಾವ ಬಿಲ್ಲೆ ಯಾವುದು ಅಂತ ನಿನಗೆ ಹೇಳಲ್ಲ. ನನ್ನ ಕಣ್ಣಿಗೆ ಬೇಕಾದ್ದು ಕಾಣುತ್ತೆ. ನಿನಗೆ ಬೇಡವಾಗಿದೆ, ಹಾಗಾಗಿ ಇದ್ರೆ ಮಾತ್ರ ಕಾಣುತ್ತೆ.”

ಅಂದಿನಿಂದ ನಾದಿನಿ ಅಂಗಡಿ ತೆರೆಯುವ ಮುಂಚೆ ಲ್ಯಾಬಿಗೆ ಹೋಗಿ, ತಟ್ಟೆಯನ್ನು ಬೆಳಕಿಗೆ ಹಿಡಿದು “ಇಲ್ಲ” ಎನ್ನುತ್ತಿದ್ದಳು. ಮೊದಮೊದಲು ಹಾಗೆನ್ನಲು ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ? ಒಂದೆಲಗ, ಇಲ್ಲ. ಹೊನಗೊನೆ, ಚೂರೇ ಚೂರು, ಲೆಕ್ಕಕ್ಕಿಲ್ಲ. ಗೋಣಿಸೊಪ್ಪಿನ ಎಲೆ, ಇಲ್ಲ, ಇಲ್ಲ, ಇಲ್ಲ. ಅತ್ತಿಗೆ “ಸರಿ” ಎಂದು ತಟ್ಟೆ ತೊಳೆಯಲು ಕಳಿಸುತ್ತಿದ್ದಳು. ಮುಖ ಬಾಡುತ್ತಿರಲಿಲ್ಲ. ವರ್ಷಗಳು ಕಳೆದಂತೆ ನಾದಿನಿಯ ನಾಲಿಗೆಗೇ ಆ “ಇಲ್ಲ” ಕಹಿಯಾಗತೊಡಗಿತು.

ಗೆದ್ದದ್ದೇ ಇಲ್ಲವೆಂದೇನಲ್ಲ. ಒಮ್ಮೆ ಅತ್ತಿಗೆ ನೇರಳೆ ಬಣ್ಣದ ದ್ರವವಿದ್ದ ಕೊಳವೆಗೆ ಸೊಪ್ಪಿನ ಸಾರ ಬಿಟ್ಟು “ನೋಡ್ತಾ ಇರು” ಎಂದಿದ್ದಳು. ನೋಡುತ್ತಿದ್ದಂತೆ ನೇರಳೆ ಕರಗಿ ಹಳದಿಯಾಯಿತು.

“ಬಣ್ಣ ಬಿಡ್ತಲ್ಲೇ! ನನ್ನಂಗಡೀಲಿ ಹೀಗಾದ್ರೆ ಗಿರಾಕಿ ಹೊಡೀತಾರೆ.”

“ಸೇಬು ಕೊಯ್ದಿಟ್ರೆ ಕಂದಾಗುತ್ತಲ್ಲ, ಮೈಯೊಳಗೂ ಅಂಥದ್ದೇ ಒಂದು ಸವೆತ ನಡೀತಿರುತ್ತೆ. ಅದನ್ನ ತಡೆಯೋ ಶಕ್ತಿ ಈ ಕಳೇಲಿದೆ ಅನ್ನೋದಕ್ಕೆ ಇದು ಗುರುತು.” ಆ ಕೆಲಸವನ್ನು ಹೊರಗಿನವರು ಒಪ್ಪಿದರು, ಅಚ್ಚೂ ಹಾಕಿದರು. ಆದರೆ ಅತ್ತಿಗೆಗೆ ಬೇಕಿದ್ದುದು ಕಳೆದುಹೋದ ಆ ಉಂಗುರ. ಕಳೆದ ವರ್ಷ ಎಲೆಯನ್ನು ಬಿಟ್ಟು, ಎಲ್ಲರೂ ಮುರಿದು ಬಿಸಾಡುವ ಕೆಂಪು ದಂಟನ್ನು ಹಿಡಿದಳು.

*

ನಾದಿನಿ ಸೆರಗಿನಿಂದ ಕೈಯೊರೆಸಿಕೊಂಡು ಎದ್ದಳು. ಹಿತ್ತಲ ಬಾಗಿಲವರೆಗೆ ಹೋದವಳು ಹೊಸ್ತಿಲ ಮೇಲೆ ನಿಂತುಬಿಟ್ಟಳು.

“ನಾನು ನೋಡೋ ಹಾಗಿಲ್ಲ ಕಣೇ,” ಎಂದಳು ಶಿಷ್ಯೆಗೆ.

“ಯಾಕಕ್ಕಾ?”

“ಇವತ್ತು ನನಗೆ ಉಂಗುರ ಬೇಕು. ಇಲ್ಲದಿದ್ರೂ ಕಾಣುತ್ತೆ. ಅಷ್ಟು ಬೇಕಾಗಿದೆ.”

ಶಿಷ್ಯೆ ಒಳಕೋಣೆಯತ್ತ ತಿರುಗಿ ನೋಡಿದಳು. ನಿಯಮ ಮಾಡಿದವಳು ಒಳಗೆ ಮಲಗಿದ್ದಾಳೆ, ಈಗ ಯಾರನ್ನು ಕೇಳುವುದು? ಮುಂದಿನ ಕೋಣೆಯಿಂದ ಯಾರೋ ಕೆಮ್ಮಿದರು. ಆ ಒಣ ಕೆಮ್ಮು ನಾದಿನಿಗೆ ಗುರುತು ಸಿಕ್ಕಿತು. ಅವಳು ನೇರ ಅಲ್ಲಿಗೆ ನಡೆದಳು.

ಖಾಲಿಬಿಲ್ಲೆ ಮೇಷ್ಟ್ರು ಕಿಟಕಿ ಪಕ್ಕದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಕಪ್ಪು ಕೋಟಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ವಯಸ್ಸಾದರೂ ಸಣಕಲು ಹಾಗೇ ಇತ್ತು.

“ಮೇಷ್ಟ್ರೇ, ನಮ್ಮತ್ತಿಗೆಯ ಸೊಪ್ಪಿನ ಬಗ್ಗೆ ನಿಮಗೆ ಏನನ್ಸುತ್ತೆ?”

ಅಣ್ಣ ತಲೆ ಎತ್ತಿದ.

“ಇಂಥ ದಿನ ಇದನ್ನ ಕೇಳ್ತಾರಾ?” ಎಂದರು ಮೇಷ್ಟ್ರು.

“ಇವತ್ತೇ ಕೇಳ್ಬೇಕು. ನಿಜ ಹೇಳಿ.”

“ಅದರಲ್ಲಿ ಏನೂ ಇಲ್ಲ ಅಂತ್ಲೇ ನನ್ನ ಅಭಿಪ್ರಾಯ. ಅವರ ಮುಖಕ್ಕೇ ಹೇಳಿದೀನಿ. ಅವರ ಮೇಲೆ ಗೌರವ ಇರೋದು ಬೇರೆ ಮಾತು.”

“ಹಾಗಾದ್ರೆ ಏಳಿ. ನಿಮ್ಮಂಥೋರೇ ಬೇಕು.”

ವಿಷಯ ತಿಳಿದಾಗ ಕೋಣೆಯಲ್ಲಿ ಗದ್ದಲವೆದ್ದಿತು. ಈಗಲೇ ಹೋಗಬೇಕಾ, ಗಾಡಿ ಬರೋ ಹೊತ್ತಾಯ್ತು, ನೋಡಿದವರು ಏನಂದಾರು! ಅಣ್ಣ ನಿಧಾನವಾಗಿ ಎದ್ದು ನಿಂತ. ಜೀವಮಾನವಿಡೀ ಬಸ್ಸು ಓಡಿಸಿದವನು, ಮಾತು ಕಡಿಮೆ.

“ಹೋಗಿ ಬನ್ನಿ,” ಎಂದ. “ಗಾಡಿ ಬಂದ್ರೆ ನಾನು ನಿಲ್ಲಿಸ್ತೀನಿ. ಓಡಿ ಬರೋ ಯಾರ್‍ಯಾರಿಗೋ ನಿಲ್ಲಿಸಿದೀನಿ. ಇವಳಿಗೆ ನಿಲ್ಲಿಸಕ್ಕಾಗಲ್ವಾ?”

*

ಲ್ಯಾಬಿನಲ್ಲಿ ಫಿನಾಯಿಲು, ತಟ್ಟೆಗೆ ಹುಯ್ಯಲು ಬೇಯಿಸಿದ ಅಗರ್ ಗಂಜಿ, ಹಸಿಸೊಪ್ಪು ಎಲ್ಲ ಸೇರಿದ ವಾಸನೆ. ಗೂಟದಲ್ಲಿ ಅತ್ತಿಗೆಯ ಬಿಳಿ ಕೋಟು ನೇತಾಡುತ್ತಿತ್ತು, ಮೊಣಕೈಗೆ ನಾದಿನಿಯೇ ಹಾಕಿಕೊಟ್ಟ ತೇಪೆಯೊಡನೆ. ಅವಳು ಅದರತ್ತ ನೋಡಲಿಲ್ಲ.

ಶಿಷ್ಯೆ ಪೆಟ್ಟಿಗೆಯ ಬಾಗಿಲು ತೆಗೆದು, ಮುಚ್ಚಳಕ್ಕೆ ಟೇಪು ಸುತ್ತಿದ ತಟ್ಟೆಗಳನ್ನು ಕಣ್ಣು ಮುಚ್ಚಿಕೊಂಡಂತೆಯೇ ತಂದಿಟ್ಟಳು. ಒಂದೊಂದರಲ್ಲೂ ಕೆಲವು ಬಿಲ್ಲೆಗಳು, ಕೆಳಗೆ ಬರೀ ಬಣ್ಣದ ಚುಕ್ಕಿ. ಯಾವ ಬಣ್ಣಕ್ಕೆ ಯಾವುದೆಂದು ಗೊತ್ತಿದ್ದವಳು ಇನ್ನು ಅವಳೊಬ್ಬಳೇ. ಅವಳು ಗೋಡೆಯ ಕಡೆ ತಿರುಗಿ ನಿಂತಳು, ಮುಖ ನೋಡಿ ಮೇಷ್ಟ್ರು ಊಹಿಸಬಾರದೆಂದು.

ಮೇಷ್ಟ್ರು ಕನ್ನಡಕ ಬದಲಾಯಿಸಿದರು. ಮೊದಲ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಓರೆ ಮಾಡಿದರು, ತಿರುಗಿಸಿದರು. ನಾದಿನಿ ನೆಲ ನೋಡುತ್ತ ನಿಂತಳು. ದೇವರೇ, ಇದೊಂದು ಕೊಟ್ಟುಬಿಡು, ಇನ್ನೇನೂ ಕೇಳಲ್ಲ ಎಂದು ಒಳಗೇ ಗೋಗರೆದಳು.

“ಹಳದಿ ಚುಕ್ಕಿ,” ಎಂದರು ಮೇಷ್ಟ್ರು. “ಇಲ್ಲ. ಬಿಲ್ಲೆಯ ಬುಡದವರೆಗೂ ಬೆಳೆದಿದೆ. ಏನೇನೂ ಇಲ್ಲ.”

ಮುಗಿಯಿತು ಎಂದುಕೊಂಡಳು ನಾದಿನಿ. ಹೋಗುವಾಗಲೂ “ಇಲ್ಲ” ಎನ್ನಿಸಿಕೊಂಡೇ ಹೋಗಬೇಕಾಯಿತಲ್ಲ ಇವಳು! ಗೋಡೆಗೆ ಮುಖ ಮಾಡಿದ ಶಿಷ್ಯೆಯ ಭುಜಗಳು ಅಲುಗಾಡಿದವು.

“ನೀಲಿ,” ಎಂದರು ಮೇಷ್ಟ್ರು. ತಟ್ಟೆಯನ್ನು ಕೆಳಗಿಟ್ಟರು, ಮತ್ತೆ ಎತ್ತಿದರು. ಕರವಸ್ತ್ರದಿಂದ ಗಾಜನ್ನೂ ಒರೆಸಿದರು, ಕನ್ನಡಕವನ್ನೂ ಒರೆಸಿದರು. “ಸ್ಕೇಲು ಕೊಡಿ.” ಅಳೆದರು. ಮುಂದಿನ ತಟ್ಟೆ ಎತ್ತಿ ಅಳೆದರು. ಅದರ ಮುಂದಿನದನ್ನೂ ಅಳೆದರು. “ಎಲ್ಲದರಲ್ಲೂ ನೀಲಿ ಸುತ್ತ ಇದೆ. ಅಂಚು ಸ್ಪಷ್ಟ. ಹೋಲಿಸೋಕೆ ಅಂಗಡಿ ಔಷಧಿ ಬಿಲ್ಲೆ ಇಟ್ಟಿದೀರಲ್ಲ, ಹಸಿರು ಅದೇ ಇರ್ಬೇಕು, ಅದರದ್ದು ಇನ್ನೂ ದೊಡ್ಡದು. ಹಳದಿ ಮಾತ್ರ ಎಲ್ಲೂ ಇಲ್ಲ. ಹಳದಿ ಏನು?”

ಶಿಷ್ಯೆ ತಿರುಗಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯದು.

“ಹಳದಿ ಖಾಲಿ ಬಿಲ್ಲೆ ಸಾರ್! ನೀಲಿ ದಂಟು!”

ನಾದಿನಿ ಬೆಂಚನ್ನು ಹಿಡಿದುಕೊಂಡಳು. ನಂತರ ಇದ್ದಕ್ಕಿದ್ದಂತೆ ಚಿಕ್ಕ ಹುಡುಗಿಯಂತೆ ಕಿರುಚಿದಳು, ಮಾತಿಲ್ಲದ ಬರೀ ಒಂದು ಕೂಗು. ಸಾವಿನ ಮನೆಯ ಹೆಂಗಸು ಹಾಗೆ ಕೂಗಬಹುದೇ ಎಂದು ಯೋಚಿಸುವಷ್ಟು ವ್ಯವಧಾನ ಅವಳಿಗಿರಲಿಲ್ಲ.

“ಒಂದು ಸಲದ್ದನ್ನ ನಾನು ಒಪ್ಪಲ್ಲ,” ಎಂದರು ಮೇಷ್ಟ್ರು. ಸ್ಕೇಲನ್ನು ಮಾತ್ರ ಕೆಳಗಿಡಲಿಲ್ಲ. “ಮತ್ತೆ ಮಾಡ್ಬೇಕು. ತಟ್ಟೇಲಿ ಸತ್ತಿದ್ದು ಮೈಯಲ್ಲಿ ಸಾಯುತ್ತೆ ಅಂತೇನಿಲ್ಲ. ಆವತ್ತು ನಾನು ಕೇಳಿದ್ದೂ ಸರಿಯಾಗೇ ಇತ್ತು.”

“ಸರಿಯಾಗೇ ಇತ್ತು,” ಎಂದಳು ನಾದಿನಿ ಕಣ್ಣೊರೆಸಿಕೊಳ್ಳುತ್ತ. “ಅವಳೂ ಯಾವಾಗ್ಲೂ ಹಾಗೇ ಅಂತಿದ್ಲು. ನಿಮ್ಮನ್ನ ಬೈಯೋಕೆ ನನಗೂ ಬಿಡ್ತಿರಲಿಲ್ಲ, ಹಾಳಾದವಳು.”

*

ಅವರು ಮರಳುವ ವೇಳೆಗೆ ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ನಾದಿನಿ ಯಾರೊಡನೆಯೂ ಮಾತಾಡದೆ ನೇರ ಒಳಗೆ ಹೋಗಿ, ಬಗ್ಗಿ ಅತ್ತಿಗೆಯ ಕಿವಿಯ ಹತ್ತಿರ ಬಾಯಿ ತಂದಳು.

“ಇದೆ,” ಎಂದಳು.

ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಇಡೀ ಮನೆಗೆ ಕೇಳಿಸಿತು. ಅಣ್ಣನಿಗೆ ಮೊದಲು ಅರ್ಥವಾಯಿತು. “ಇದೆಯಂತೆ,” ಎಂದ ಅವನು ಎಲ್ಲರತ್ತ ತಿರುಗಿ. “ಕೇಳಿದ್ರಾ? ನನ್ನ ಹೆಂಡತೀದು ಇದೆಯಂತೆ!” ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ತುಂಬ ನಗು. ಹಲಗೆ ಕುರ್ಚಿಗಳಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿಗಳು ಯಾರೂ ಹೇಳದೆ ದಡಬಡನೆ ಎದ್ದು ನಿಂತರು. ಒಬ್ಬ ಚಪ್ಪಾಳೆ ತಟ್ಟಿದ. ಗಣಿತದ ಮೇಷ್ಟ್ರ ಹೆಂಡತಿ “ಅಯ್ಯೋ, ಇದೇನಿದು, ಸಾವಿನ ಮನೇಲಿ” ಎನ್ನುತ್ತಲೇ, ಏನು ಎತ್ತ ತಿಳಿಯದೆ ತಾವೂ ತಟ್ಟತೊಡಗಿದರು. ಆ ಚಪ್ಪಾಳೆಯ ನಡುವೆಯೇ ಕಳೆಯಮ್ಮನನ್ನು ಎತ್ತಿಕೊಂಡು ಹೊರಗೆ ಬಂದರು. ಎಷ್ಟೋ ವರ್ಷ ಹಿಂದೆ ಆ ಸಭೆಯಲ್ಲಿ ನಿಂತುಹೋದ ಚಪ್ಪಾಳೆ ಈಗ ಮುಂದುವರಿಯಿತು ಎಂದು ನಾದಿನಿಗೆ ಅನ್ನಿಸಿತು.

ಗಾಡಿ ಹೊರಡುವಾಗ ಒಬ್ಬರು ಕಡಿಮೆಯಿದ್ದರು.

“ಮೇಷ್ಟ್ರೆಲ್ಲಿ?” ಎಂದ ಅಣ್ಣ.

“ನಮ್ಮ ಹಿಂದೇನೇ ಬಂದ್ರಲ್ಲ,” ಎಂದಳು ಶಿಷ್ಯೆ.

ಆಟದ ಮೈದಾನದ ಗೋಡೆಯ ತಿರುವಿನಲ್ಲಿ ಅವರು ಕಂಡರು. ಚರಂಡಿಯಂಚಿನಲ್ಲಿ ಮಂಡಿಯೂರಿದ್ದರು. ಇಸ್ತ್ರಿಯ ಪ್ಯಾಂಟಿನ ಮಂಡಿಗಳು ಕೆಸರಾಗಿದ್ದವು. ಪಕ್ಕದಲ್ಲಿ ಹರಡಿದ ಕರವಸ್ತ್ರದ ಮೇಲೆ ಗೋಣಿಸೊಪ್ಪಿನ ರಾಶಿ. ಗಾಡಿ ನಿಧಾನವಾಗಿ ಅವರ ಪಕ್ಕದಲ್ಲೇ ಹಾದುಹೋಯಿತು. ಮೇಷ್ಟ್ರು ತಲೆ ಎತ್ತಲಿಲ್ಲ. ಎಲೆಗಳನ್ನು ಕಿತ್ತು ಎಸೆದು, ಕೆಂಪು ದಂಟೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.