ಗಂಡನ ಪಕ್ಕದ ಜಾಗ

ಚಾಮರಾಜನಗರ ಬೆಳೆಯಿತು ಎನ್ನುವವರೆಲ್ಲ ನಗರದ ಕಡೆಯಿಂದ ನೋಡಿದವರು. ಹಳ್ಳಿಯ ಜಗಲಿಯ ಮೇಲೆ ಕುಳಿತು ನೋಡಿದವರಿಗೆ ಅದು ಬೆಳೆದಂತೆ ಕಾಣಲಿಲ್ಲ, ನಡೆದುಕೊಂಡು ಬಂದಂತೆ ಕಂಡಿತು. ಮೊದಲು ರಸ್ತೆಬದಿಯಲ್ಲಿ ಒಂದು ಕಲ್ಯಾಣ ಮಂಟಪ ಎದ್ದಿತು. ಆಮೇಲೆ ಪೆಟ್ರೋಲ್ ಬಂಕ್. ಬದನಗುಪ್ಪೆಗೆ ಕಾರ್ಖಾನೆಗಳು ಬರುತ್ತವೆಂದು ಸುದ್ದಿಯಾದ ಮೇಲೆ ಅರಿಶಿನದ ಹೊಲಗಳಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳು ಮೊಳೆತವು. ಒಂದು ದಿನ ಪಂಚಾಯಿತಿಯ ಬೋರ್ಡು ಇಳಿದು ನಗರಸಭೆಯ ಬೋರ್ಡು ಏರಿತು. ಊರಿನವರನ್ನು ಯಾರೂ ಓಡಿಸಲಿಲ್ಲ. ಇದ್ದಲ್ಲೇ ಹೊರಗಿನವರಾದರು, ಅಷ್ಟೆ.

ಪುಟ್ಟಮಲ್ಲಮ್ಮನ ಹೊಲ ಈಗ ಬಡಾವಣೆ. ಅದರ ಪಾರ್ಕಿನ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ಅವಳ ಗಂಡ ಮರಿಮಲ್ಲಪ್ಪ ಕುಳಿತಿದ್ದಾನೆ. ಕುಳಿತಿದ್ದಾನೆ ಎಂದೇ ಹೇಳಬೇಕು. ಅವರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ. ಸ್ವಂತ ಹೊಲದಲ್ಲಿ ಗುಣಿ ತೆಗೆದು, ಚಕ್ಕಂಬಕ್ಕಳ ಹಾಕಿ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಸುರಿದು ಮಣ್ಣು ಮುಚ್ಚುತ್ತಾರೆ. ಪಕ್ಕದಲ್ಲಿ ಹೆಂಡತಿಗೆಂದು ಜಾಗ ಬಿಟ್ಟಿರುತ್ತಾರೆ.

ಹೊಲ ಮಾರುವಾಗ ಆ ಮೂಲೆಯನ್ನು ಬಿಟ್ಟು ಬರೆಸಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಆ ಸೀಮೆಯಲ್ಲಿ ಹೊಲ ಎಷ್ಟು ಕೈ ಬದಲಾದರೂ ಕೊಂಡವನು ಸಮಾಧಿಯನ್ನು ಬಿಟ್ಟು ಸುತ್ತ ಉಳುತ್ತಿದ್ದ. ಅದಕ್ಕೆ ಬಾಯಿಮಾತೂ ಬೇಕಿರಲಿಲ್ಲ, ಎತ್ತುಗಳೇ ತಿರುಗಿಕೊಳ್ಳುತ್ತಿದ್ದವು. ಈ ಸಲ ಕೊಂಡವನ ಬಳಿ ನೇಗಿಲಿರಲಿಲ್ಲ.

ಆ ಸೋಮವಾರ ಎಂದಿನಂತೆ ಚೆಂಡುಹೂ ಹಿಡಿದು ಬಂದ ಪುಟ್ಟಮಲ್ಲಮ್ಮ, ಸಮಾಧಿಯ ಪಕ್ಕದಲ್ಲಿ ಹಾಸುಗಲ್ಲು ಕೂರಿಸಲು ಜಲ್ಲಿಪುಡಿ ಹರಡುತ್ತಿದ್ದ ಮಗನನ್ನು ನೋಡಿದಳು. ಬಡಾವಣೆಯ ಸಂಘದವರು ಸೋಮೇಶನನ್ನು ನೀರು ಬಿಡಲು, ಪಾರ್ಕು ನೋಡಿಕೊಳ್ಳಲು ಇಟ್ಟುಕೊಂಡಿದ್ದರು.

"ಇದೇನ್ಲಾ ಸೋಮೇಸ?"

"ವಾಕಿಂಗ್ ಮಾಡಕೆ ದಾರಿ ಕಣವ್ವ. ಅಪ್ಪನ್ ಗುಡ್ಡೆ ಮುಟ್ಟಲ್ಲ. ಸುತ್ತ ಗಿಡ ನೆಟ್ಟು ಮರೆ ಮಾಡ್ತಾರಂತೆ."

"ನನ್ ಜಾಗ?"

ಸೋಮೇಶ್ ತಲೆ ಎತ್ತಲಿಲ್ಲ. "ಅದ್ರ ಮ್ಯಾಲೇ ಓಯ್ತದೆ."

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಬಂದರು. ಹೈಸ್ಕೂಲು ಮೇಷ್ಟ್ರು ರಘುನಾಥ. ಗುಂಡ್ಲುಪೇಟೆ ಕಡೆಯ ಭೀಮನಬೀಡಿನವರು, ಇವರ ಪೈಕಿಯೇ. ಟೀ ಶರ್ಟಿನ ಒಳಗೆ ಲಿಂಗದ ಕರಡಿಗೆ ಉಬ್ಬಿ ಕಾಣುತ್ತಿತ್ತು.

"ಅಜ್ಜಿ, ಇರೋ ಸಮಾಧಿಗೆ ನಾವೇನೂ ಅನ್ನಲ್ಲ. ಹೊಸದು ಮಾತ್ರ ಆಗಲ್ಲ. ಮಕ್ಕಳು ಆಡೋ ಜಾಗ. ನಾಳೆ ಸೈಟು ನೋಡೋಕೆ ಬಂದವರು ಏನಂದ್ಕೋತಾರೆ? ನಗರಸಭೆ ರುದ್ರಭೂಮಿ ಇದೆಯಲ್ಲ."

"ಗೊತ್ತಿಲ್ದೋರ ಮಧ್ಯ ಓಗಿ ಕೂತ್ಕೊಳಕೆ ಅದೇನ್ ಬಸ್ ಸ್ಟಾಂಡಾ ಮೇಷ್ಟ್ರೇ?"

ಸೋಮೇಶ್ ನಗು ನುಂಗಿಕೊಂಡ.

"ನಿಮ್ಮಪ್ಪಾರ್ನ ಎಲ್ಲಿ ಮಡಗಿದ್ದೀರಿ?" ಎಂದು ಅವಳೇ ಮತ್ತೆ ಕೇಳಿದಳು.

"ಭೀಮನಬೀಡಲ್ಲಿ. ನಮ್ಮ ಹೊಲದಲ್ಲೇ."

"ಆ ಹೊಲ ಈಗ್ಲೂ ಅದಾ?"

"ಇಲ್ಲ. ಇಲ್ಲಿ ಮನೆ ಕಟ್ಟೋವಾಗ ಕೊಟ್ಟುಬಿಟ್ಟೆ."

"ಅಂಗಾರೆ ನೀವೆಲ್ಲಿ ಕೂತ್ಕತೀರಿ?"

ರಘುನಾಥ ಫೋನು ತೆಗೆದು ನೋಡಿದರು. ಯಾರೂ ಕರೆದಿರಲಿಲ್ಲ. ಬಡಾವಣೆಯ ನಕ್ಷೆಯಲ್ಲಿ ಆಟದ ಜಾಗವಿತ್ತು, ನೀರಿನ ಟ್ಯಾಂಕಿತ್ತು, ಅಂಗಡಿಗಳಿಗೆಂದು ಬಿಟ್ಟ ಮೂಲೆಯಿತ್ತು. ಸತ್ತವರು ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಇರಲಿಲ್ಲ. ಅದನ್ನು ಬರೆದವರೂ ಒಪ್ಪಿ ಸಹಿ ಹಾಕಿದವರೂ ಚಿರಂಜೀವಿಗಳಿರಬೇಕು.

"ಈ ಮೂಲೆ ಇವತ್ತೇ ಮುಗಿಸಿಬಿಡು ಸೋಮೇಶ," ಎಂದು ಅವರು ಶಾಲೆಗೆ ಹೊರಟರು.

ಪುಟ್ಟಮಲ್ಲಮ್ಮ ಗಂಡನಿಗೆ ಹೂ ಇಟ್ಟಳು. ಸೀರೆ ಒತ್ತಿಕೊಂಡು, ಪಕ್ಕದ ಜಾಗದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತಳು. ಬೆನ್ನು ನೆಟ್ಟಗೆ, ಅಂಗೈ ಮಡಿಲಲ್ಲಿ. ಸೋಮೇಶನ ಕೈ ನಿಂತಿತು. ಅಪ್ಪನನ್ನು ಹೀಗೇ ಕೂರಿಸಿದ್ದು ಅವನೇ.

"ಏಳವ್ವ, ನನ್ ಕೆಲ್ಸಕ್ಕೆ ಕಲ್ಲಾಕ್ಬ್ಯಾಡ."

"ನೀ ಮಾಡ್ಕೊ. ನಾನೇನ್ ಬ್ಯಾಡಂದ್ನಾ? ಕಾಲ್ ನೋಯ್ತಾವೆ, ಕೂತಿವ್ನಿ."

ಅವನಿಗೂ ಸಾಕಾಗಿತ್ತು. ಬ್ರೋಕರಿಗೆ ಕೈಮುಗಿದು, ಆಫೀಸುಗಳಲ್ಲಿ ಕಾದು, ತನ್ನ ಹೊಲಕ್ಕೇ ಕೂಲಿಯಾಗಿ ಬಂದು ಸಾಕಾಗಿತ್ತು. ಅವ್ವನ ಜೊತೆ ಜಗಳಕ್ಕೆ ಮಾತು ಉಳಿದಿರಲಿಲ್ಲ. ಅವಳನ್ನು ಬಿಟ್ಟು ಸುತ್ತ ಕಲ್ಲು ಜೋಡಿಸುತ್ತಾ ಹೋದ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುತ್ತಿದ್ದವರು ಒಮ್ಮೆ ನೋಡಿ, ಏನೂ ಕೇಳದೆ, ಎತ್ತುಗಳ ಹಾಗೆ ಸುತ್ತಿಕೊಂಡು ಹೋದರು. ಮಧ್ಯಾಹ್ನ ಮಗ ತಂದ ಮುದ್ದೆಯನ್ನು ಅಲ್ಲೇ ಉಂಡಳು. ಹೊಂಗೆಯ ನೆರಳಲ್ಲಿ ಕುಳಿತಂತೆಯೇ ತೂಕಡಿಸಿದಳು.

ಸಂಜೆ ರಘುನಾಥ ಬರುವಷ್ಟರಲ್ಲಿ ಮಗನ ಭುಜ ಹಿಡಿದು ಎದ್ದಿದ್ದಳು. ಕಲ್ಲುಗಳ ನಡುವೆ ಒಬ್ಬರು ಕೂರುವಷ್ಟು ಬರಿಮಣ್ಣು ಉಳಿದಿತ್ತು.

"ಇದ್ಯಾಕೆ ಬಿಟ್ಟೆ?"

"ಕಲ್ಲು ಮುಗ್ದೋದ್ವು ಸಾ."

ಮರಕ್ಕೆ ಒರಗಿಸಿ ಜೋಡಿಸಿದ್ದ ಕಲ್ಲುಗಳು ಮೂವರಿಗೂ ಕಾಣುತ್ತಿದ್ದವು. ರಘುನಾಥ ಅವನ್ನು ನೋಡಿದರು. ಮಣ್ಣನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಸರಿ. ಮುಂದಿನ ಮೀಟಿಂಗಲ್ಲಿ ನೋಡೋಣ."

ಪಾರ್ಕಿನ ಗೇಟು ದಾಟಿದ ಮೇಲೆ ಪುಟ್ಟಮಲ್ಲಮ್ಮ ಕೇಳಿದಳು.

"ಮೀಟಿಂಗ್ ಯಾವತ್ಲಾ?"

"ಯಾರ್ಗ್ ಗೊತ್ತು? ಯಾಕವ್ವ?"

"ಅಷ್ಟ್ರೊಳ್ಗೆ ಸಾಯ್ಬೇಕಲ್ಲ ಕಣ್ಲಾ," ಎಂದಳು. "ಒಂಚೂರು ಅರ್ಜೆಂಟ್ ಮಾಡ್ಕಬೇಕು."