ಈರುಳ್ಳಿ ಗಾಡಿಯ ಮೈಕು

ನನ್ನ ಗಂಡ ಭೀಮರಾಜ್ ಸತ್ತ ಮಧ್ಯಾಹ್ನ ವೇಮಗಲ್‌ನ ಫ್ಯಾಕ್ಟರಿಯಲ್ಲಿ ಸೈರನ್ ಕೂಗಿತ್ತು. ಉಪಗ್ರಹದ ಚಿತ್ರ ನೋಡಿ ಸಿಡಿಲಿನ ಎಚ್ಚರಿಕೆ ಕೊಡುವವರು ಅವರಿಗಿದ್ದರು. ಕೆಲಸಗಾರರೆಲ್ಲ ಒಳಗೆ ಹೋದರು. ಕಾಂಪೌಂಡಿನ ಈಚೆ ಅವನು ಟೊಮೆಟೊ ಗಿಡಗಳನ್ನು ಕಡ್ಡಿಗೆ ಕಟ್ಟುತ್ತಿದ್ದ. ಶಿಫ್ಟ್ ಬಿಟ್ಟಿತು ಅಂತ ಕಾಣುತ್ತೆ ಎಂದು ಪಕ್ಕದ ಹೊಲದವರಿಗೆ ಹೇಳಿದನಂತೆ. ಸ್ವಲ್ಪ ಹೊತ್ತಿಗೆ ಅವನ ಮೇಲೆ ಸಿಡಿಲು ಬಿತ್ತು.

ನನಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ನಾನು ಭೂಗೋಳದಲ್ಲಿ ಎಂ.ಎಸ್ಸಿ. ಉಪಗ್ರಹದ ಚಿತ್ರ ಓದುವುದನ್ನು ಕಲಿತವಳು. ಈ ಏಪ್ರಿಲ್‌ನಲ್ಲಿ ಒಂದು ದಿನ ಫೋನಿನಲ್ಲಿ ನೋಡಿದಾಗ ಮುಳಬಾಗಿಲ ಕಡೆಯಿಂದ ಮೋಡ ಎದ್ದಿತ್ತು. ಡೇರಿಗೆ ಹೋದೆ. ಹಾಲು ಹಾಕಲು ಊರನ್ನು ಕರೆಯುವ ಮೈಕು ಅಲ್ಲಿದೆ. ಸೆಕ್ರೆಟರಿ ಮುನಿರಾಮಪ್ಪ ಒಬ್ಬರೇ ಇದ್ದರು.

"ಮಾವ, ಮೈಕ್ ಕೊಡಿ. ಸಿಡಿಲು ಬೀಳಬಹುದು, ಹೊಲದಲ್ಲಿರೋರಿಗೆ ಹೇಳ್ಬೇಕು."

"ಟೀವಿಯೋರೇ ಹೇಳಿಲ್ಲ, ನೀನು ಹೇಳ್ತೀಯೇನಮ್ಮಾ?"

"ಉಪಗ್ರಹದ ಚಿತ್ರದಲ್ಲಿದೆ."

"ಅದೆಲ್ಲಾ ದೊಡ್ಡೋರ ಯವ್ವಾರ, ನಮ್ಗ್ಯಾಕೆ." ದನಿ ತಗ್ಗಿಸಿದರು. "ಗಂಡ ಸತ್ತೋಳ ದನಿ ಮೈಕಲ್ಲಿ ಕೇಳಿದ್ರೆ ಜನ ನಂಗೆ ಉಗೀತಾರೆ."

"ಉಗೀಲಿ ಮಾವ. ಬದುಕಿದ್ರೆ ತಾನೇ ಉಗಿಯೋದು."

ಕೊಡಲಿಲ್ಲ. ಹೊರಗೆ ಶಾಕಿರ್‌ನ ಈರುಳ್ಳಿ ಆಟೊ ನಿಂತಿತ್ತು, ಮೇಲೊಂದು ಸ್ಪೀಕರ್.

"ಕೇಳಿಸ್ತು ಅಕ್ಕಾ. ಹತ್ತಿ," ಅಂದ. "ನಮ್ ಮೈಕ್‌ಗೆ ಸೆಕ್ರೆಟ್ರಿ ಇಲ್ಲ."

ಹೊಲದ ದಾರಿಯುದ್ದಕ್ಕೂ ಕೂಗಿದೆ. "ಸಿಡಿಲು ಬೀಳಬಹುದು. ಮರದಡಿ ನಿಲ್ಲಬೇಡಿ. ಮನೆಗೆ ಹೋಗಿ." ಟೊಮೆಟೊ ಕೀಳುತ್ತಿದ್ದ ಕೂಲಿ ಹೆಂಗಸರು ಬುಟ್ಟಿ ಬಿಟ್ಟು ಹೊರಟರು. ಅಷ್ಟರಲ್ಲಿ ಫ್ಯಾಕ್ಟರಿಯ ಸೈರನ್ನೂ ಕೂಗಿತು.

ಸಿಡಿಲು ಬರಲಿಲ್ಲ. ನಾಲ್ಕು ಹನಿ ಬಿದ್ದು ಬಿಸಿಲು ಬಂತು.

ಸಂಜೆ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. "ಸಿಡಿಲಮ್ಮ ಬಂದ್ಳು, ದಾರಿ ಬಿಡ್ರಲಾ," ಅಂದರು ಮುನಿರಾಮಪ್ಪ. ಕೂಲಿಗೆ ಹೋಗುವ ಗಂಗಾಲಕ್ಷ್ಮಿ ನಗಲಿಲ್ಲ.

"ನಿನ್ನ ಮಾತು ಕೇಳಿ ಅರ್ಧ ಕೂಲಿ ಹೋಯ್ತು ಕಣೇ."

ಅದು ನಿಜ.

"ಫ್ಯಾಕ್ಟರಿಯೋರೂ ಸುಮ್ನೆ ಒಳಗೆ ಹೋಗಿದ್ರು ಗಂಗಕ್ಕಾ," ಅಂದೆ. "ಅವರ ಸಂಬಳ ಯಾರೂ ಹಿಡೀಲಿಲ್ಲ. ಅವರನ್ನ ನೋಡಿ ಯಾರೂ ನಗಲಿಲ್ಲ. ನಾವು ಸೋಪು ಕೊಂಡಾಗ ಕಟ್ಟೋ ತೆರಿಗೇನೂ ಆ ಉಪಗ್ರಹದಲ್ಲಿದೆ. ಅವರಿಗೆ ಸಿಗೋ ಎಚ್ಚರಿಕೆ, ಸುಳ್ಳಾದ್ರೂ ಸರಿ, ನಮಗೂ ಸಿಗ್ಬೇಕು."

ಗಂಗಾಲಕ್ಷ್ಮಿ ಕ್ಯಾನು ಕೆಳಗಿಟ್ಟಳು.

"ಹಂಗಾದ್ರೆ ಪೂರ್ತಿ ಕೂಲಿ ಕೊಡ್ರಿ ಅಂತ್ಲೂ ಅದೇ ಮೈಕಲ್ಲಿ ಕೂಗು."

ಮರುದಿನ ಮತ್ತೆ ಮೋಡ ಕಟ್ಟಿತು. ಎರಡನ್ನೂ ಕೂಗಿದೆ.